ಹದಿಮೂರು ಸಲ ರಾಜೀನಾಮೆ ಕೊಟ್ಟ ಕಾಟಾದವ್ವ

ಕೆಲಸಗಾರರ ಕಾಗದಪತ್ರ ಇಡುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳಬೇಡಿ. ವಾರಕ್ಕೊಂದಾದರೂ ಆಗಿಯೇ ಆಗುತ್ತದೆ, ಆಗದ ವಾರ ನಾನು ರಜೆಯಲ್ಲಿದ್ದೆ ಎಂದು ತಿಳಿಯಿರಿ. ನಕ್ಕ ಮೇಲೆ ಬಾಯಿ ಕಹಿ ಕಹಿ ಆಗುತ್ತದೆ, ಅದೊಂದೇ ತೊಂದರೆ.

ನಾನು ವಿಜಯಪುರದ ಜಲನಗರದವನು. ಹದಿಮೂರು ವರ್ಷ ದಿನಾ ಬೆಳಿಗ್ಗೆ ಬಸ್ಸು ಹಿಡಿದು ತಿಕೋಟಾಕ್ಕೆ ಹೋಗಿ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಗಾರರ ದಾಖಲೆ ನೋಡಿಕೊಂಡೆ. ದ್ರಾಕ್ಷಿ ಆರಿಸುವ ಹೆಂಗಸರು, ಡಬ್ಬಿ ಹೊರುವ ಹಮಾಲರು, ಎಲ್ಲ ಸೇರಿ ಅರವತ್ತು ಮಂದಿ. ಅಧಿಕಾರಿಗಳು ಬಂದಾಗ ಸಾವ್ಕಾರರು ನನ್ನ ಹೆಗಲ ಮೇಲೆ ಕೈಯಿಟ್ಟು 'ಇವ್ರು ನಮ್ಮ ಎಚ್.ಆರ್. ಮ್ಯಾನೇಜರ್ರು' ಎನ್ನುತ್ತಿದ್ದರು. ಅಧಿಕಾರಿಗಳ ಜೀಪು ಗೇಟು ದಾಟಿದ ಕೂಡಲೇ 'ಲೇ ಗುಮಾಸ್ತ, ಆ ಫ್ಯಾನ್ ಬಂದ್ ಮಾಡು' ಎನ್ನುತ್ತಿದ್ದರು.

ಒಂದೇ ಕಡೆ ಐದು ವರ್ಷ ಬಿಡದೆ ದುಡಿದವರು ಕೆಲಸ ಬಿಡುವಾಗ ಗ್ರಾಚ್ಯುಟಿ ಎಂಬ ಇಡಿಗಂಟು ಕೊಡಬೇಕು ಎಂದು ಕಾನೂನಿದೆ. ನಮ್ಮ ಸಾವ್ಕಾರರು ಕಾನೂನಿಗೆ ಬಹಳ ಹೆದರುವವರು. ಹೀಗಾಗಿ ನಮ್ಮಲ್ಲಿ ಐದು ವರ್ಷ ದುಡಿದವರು ಒಬ್ಬರೂ ಇರಲಿಲ್ಲ. ಹನ್ನೊಂದು ತಿಂಗಳು ತುಂಬಿದ ಕೂಡಲೇ ಎಲ್ಲರೂ ರಾಜೀನಾಮೆ ಕೊಟ್ಟು, ಹದಿನೈದು ದಿನ ಬಿಟ್ಟು ಹೊಸದಾಗಿ ಸೇರುತ್ತಿದ್ದರು. ಇದೆಲ್ಲ ಕಾಗದದ ಮೇಲೆ ಮಾತ್ರ. ಆ ಹದಿನೈದು ದಿನವೂ ಅವರು ಅದೇ ಜಾಗದಲ್ಲಿ ಕೂತು ಅದೇ ದ್ರಾಕ್ಷಿ ಆರಿಸುತ್ತಿದ್ದರು. ಆ ರಾಜೀನಾಮೆಗಳನ್ನು ಬರೆಯುತ್ತಿದ್ದವನು ನಾನು. ಹೊಟ್ಟೆಪಾಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು, ಆದರೆ ಬರೆಯುವುದನ್ನು ನಿಲ್ಲಿಸುವಷ್ಟು ಆಗುತ್ತಿರಲಿಲ್ಲ.

ಆ ಹೆಂಗಸರಲ್ಲಿ ಒಬ್ಬಳನ್ನು ಎಲ್ಲರೂ ಕಾಟಾದವ್ವ ಎನ್ನುತ್ತಿದ್ದರು. ಕಾಟಾ ಎಂದರೆ ನಮ್ಮ ಕಡೆ ತಕ್ಕಡಿ, ಈಗಿನ ಕರೆಂಟಿನ ತೂಕದ ಯಂತ್ರಕ್ಕೂ ಅದೇ ಹೆಸರು. ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆ ನಿಂತು ಡಬ್ಬಿ ತೂಗಿ ತೂಗಿ ಅವಳ ಮೊಣಕಾಲು ಹೋಗಿದ್ದವು. ಕೆಲಸ ಬಿಟ್ಟು, ಬರುವ ಗ್ರಾಚ್ಯುಟಿಯಲ್ಲಿ ಒಂದು ಎಮ್ಮೆ ಕಟ್ಟಿಕೊಂಡು, ಇನ್ನಾದರೂ ಕೂತು ಮಾಡುವ ಕೆಲಸ ಮಾಡಬೇಕೆಂಬುದು ಅವಳಿಗಿದ್ದ ಒಂದೇ ಆಸೆ. ಆಗಾಗ ನನ್ನ ಕಿಟಕಿಗೆ ಬಂದು ಕೇಳುತ್ತಿದ್ದಳು.

"ತಮ್ಮಾ, ನಾ ಇಲ್ಲಿ ಬಂದು ಎಷ್ಟ ದಿನಾ ಆತು ನಿನ್ನ ಬುಕ್ಕಿನ್ಯಾಗ?"

"ಏಳು ತಿಂಗಳಾತು ಯವ್ವಾ."

"ನನ್ನ ಮೊಮ್ಮಗಳು ಹುಟ್ಟಿದಾಗ ಇದ ಕಾಟಾದ ಮುಂದ ನಿಂತು ಪೇಡೆ ಹಂಚೀನಿ. ಅಕಿ ಈಗ ಆರನೇ ಕ್ಲಾಸಿನ್ಯಾಗ ಅದಾಳ."

ನನ್ನ ಬುಕ್ಕಿನಲ್ಲಿ ಅಂಥ ಕಾಲಂ ಇಲ್ಲ ಎಂದು ಹೇಳಿ ಕಿಟಕಿ ಮುಚ್ಚುತ್ತಿದ್ದೆ.

ಕೋಟು

ಪ್ರತಿಯೊಬ್ಬರ ಕಡತದಲ್ಲೂ ಫೋಟೋ ಇರಬೇಕು ಎಂದು ಅಧಿಕಾರಿಯೊಬ್ಬರು ತಾಕೀತು ಮಾಡಿ ಹೋದರು. ಹಮಾಲರನ್ನೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೊಗೆ ಕಳಿಸಿದೆ. ಹರಿದ ಅಂಗಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದವರನ್ನು ನೋಡಿ ಸ್ಟುಡಿಯೊದವನಿಗೆ ಕನಿಕರ ಬಂತೋ ಏನೋ. ಅವನ ಕಂಪ್ಯೂಟರಿನಲ್ಲಿ ಒಂದು ನೀಲಿ ಕೋಟು, ಕೆಂಪು ಟೈ ಇದ್ದವು. ಎಲ್ಲರ ಕುತ್ತಿಗೆಯ ಕೆಳಗೆ ಅದನ್ನೇ ಅಂಟಿಸಿಬಿಟ್ಟ. ಹದಿನಾಲ್ಕು ಮಂದಿ, ಒಂದೇ ಕೋಟು. ಹಮಾಲರಂತೂ ಒಂದೊಂದು ಪ್ರತಿ ಹೆಚ್ಚಿಗೆ ಮಾಡಿಸಿ ಮನೆಯ ಗೋಡೆಗೂ ಹಾಕಿಕೊಂಡರು.

ಅದೇ ಕಡತದ ಮೊದಲ ಪುಟದಲ್ಲಿ ಮಾಲೀಕರ ಫೋಟೋವೂ ಬೇಕಿತ್ತು. ಸ್ಟುಡಿಯೊಗೆ ಹೋಗಲು ಸಾವ್ಕಾರರಿಗೆ ಬೇಸರ. ಬೇಸಿಗೆಯಲ್ಲಿ ಮನೆಯ ಕಟ್ಟೆಯ ಮೇಲೆ ಬನೀನು ಹಾಕಿಕೊಂಡು ಕೂತಾಗ ಮಗ ಮೊಬೈಲಿನಲ್ಲಿ ತೆಗೆದದ್ದನ್ನೇ ಕೊಟ್ಟರು.

ಅಧಿಕಾರಿ ಮತ್ತೆ ಬಂದರು. ಕಡತ ತಿರುವಿದರು. "ಹಮಾಲ್ರ ಫೈಲ್ ಕೊಡ್ರಿ ಅಂದ್ರ ಮ್ಯಾನೇಜರ್‌ಗಳ ಫೈಲ್ ಕೊಟ್ಟೀರಲ್ರಿ?" ಎಂದರು. ಇವರೇ ಹಮಾಲರು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೊದಲ ಪುಟಕ್ಕೆ ಬಂದಿದ್ದರು. ಬನೀನಿನ ಫೋಟೋದ ಮೇಲೆ ಬೆರಳಿಟ್ಟು, ಪಕ್ಕದಲ್ಲೇ ಕೂತಿದ್ದ ಸಾವ್ಕಾರರನ್ನು ಗುರುತು ಹಿಡಿಯದೆ ಕೇಳಿದರು:

"ಇಷ್ಟ ಮಂದಿ ಮ್ಯಾನೇಜರ್‌ಗಳಿಗೆ ಇವ ಒಬ್ಬನ ಹಮಾಲ್ ಏನ್ರಿ? ಪಾಪ, ಇವಗ ಕನಿಷ್ಠ ಕೂಲಿನರ ಕೊಡ್ತೀರೋ ಇಲ್ಲೋ?"

ಜೂನ್ ಒಂದು

ದಾಖಲೆಗಳನ್ನು ಚುರುಕುಗೊಳಿಸಬೇಕು ಎಂದು ಸಾವ್ಕಾರರು ಪುಣೆಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಅವನು ಎರಡು ದಿನ ಎ.ಸಿ. ಕೋಣೆಯಲ್ಲಿ ಕೂತು ಎಲ್ಲ ಕಡತಗಳನ್ನು ಕಂಪ್ಯೂಟರಿಗೆ ಹಾಕಿಸಿದ. ಹೋಗುವಾಗ ಒಂದು ಉಪದೇಶ ಮಾಡಿದ. ಕೆಲಸಗಾರರ ಹುಟ್ಟುಹಬ್ಬದ ದಿನ ಮಾಲೀಕರೇ ಕೇಕು ಕೊಯ್ದು ಫೋಟೋ ತೆಗೆಸಿಕೊಳ್ಳಬೇಕು, ಅದರಿಂದ ಕೆಲಸಗಾರರಿಗೆ ಸಂಸ್ಥೆಯ ಮೇಲೆ ಪ್ರೀತಿ ಬರುತ್ತದೆ ಎಂದ. ಗ್ರಾಚ್ಯುಟಿ ಕೊಟ್ಟರೂ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಸಾವ್ಕಾರರಿಗೆ ಮಾತ್ರ ಉಪದೇಶ ಹಿಡಿಸಿತು. ಯಾರಾದರೂ ಒಬ್ಬರ ಹುಟ್ಟುಹಬ್ಬ ಬಂದಾಗ ಕೊಯ್ದರಾಯಿತು ಎಂದು ಅರ್ಧ ಕಿಲೋ ಕೇಕಿಗೆ ಮಂಜೂರಾತಿ ಕೊಟ್ಟರು.

ತಿಂಗಳುಗಳು ಕಳೆದವು, ಯಾರೂ ಹುಟ್ಟಲಿಲ್ಲ. ಜೂನ್ ಒಂದನೇ ತಾರೀಖು ಬೆಳಿಗ್ಗೆ ಕಂಪ್ಯೂಟರು ಸಾವ್ಕಾರರ ಮೊಬೈಲಿಗೆ ಸಂದೇಶ ಕಳಿಸಲು ಶುರು ಮಾಡಿತು, ನಿಲ್ಲಿಸಲೇ ಇಲ್ಲ. ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಸಾಲಿಗೆ ಹಚ್ಚುವಾಗ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ, ಮಾಸ್ತರರು ಎಲ್ಲರಿಗೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಸಾಲಿಯ ಮೆಟ್ಟಿಲು ಹತ್ತದವರಿಗೆ ಅದನ್ನೇ ನಾನು ಬರೆದಿದ್ದೆ.

ಸಾವ್ಕಾರರು ಅರ್ಧ ಕಿಲೋಕ್ಕಿಂತ ಒಂದು ಗುಂಜಿಯೂ ಹೆಚ್ಚಿಗೆ ತರಲಿಲ್ಲ. ಕೇಕು ಕೊಯ್ದು, ಫೋಟೋ ತೆಗೆಸಿಕೊಂಡು ಹೊರಟುಹೋದರು. ಉಳಿದ ಅರವತ್ತು ಮಂದಿ ಕೇಕನ್ನು ಸುತ್ತುವರಿದು ನಿಂತೆವು. ಕಾಟಾದವ್ವ ಒಂದಿಷ್ಟೂ ನಗದೆ ಅದನ್ನು ಕಾಟಾದ ಮೇಲಿಟ್ಟು, "ಒಬ್ಬೊಬ್ಬರಿಗೆ ಎಂಟ ಗ್ರಾಂ ಬರತೈತಿ, ಮ್ಯಾಲಿನ ಬೆಣ್ಣಿ ಬ್ಯಾರೆ ತೂಗಲೇನು?" ಎಂದು ಕೇಳಿದಳು. ಹಿರಿಯ ಹಮಾಲನೊಬ್ಬ ತನ್ನ ಎಂಟು ಗ್ರಾಮನ್ನು ಬೆರಳ ತುದಿಯಲ್ಲಿ ನೋಡಿಕೊಂಡು ಹೇಳಿದ:

"ಸಾವ್ಕಾರ್ರಿಗೆ ಹೇಳ್ರಿ, ಮುಂದಿನ ವರ್ಷ ನಾವ್ಯಾರೂ ಹುಟ್ಟಂಗಿಲ್ಲ. ಆ ರೊಕ್ಕದಾಗ ಒಂದೊಂದ ಕಪ್ ಚಾ ಕುಡಸ್ರಿ."

ಚಳಿ

ದ್ರಾಕ್ಷಿ ಆರಿಸುವವರ ಕೈ ಅಂಟಂಟು. ಆ ಕೈಯಲ್ಲಿ ಮುಟ್ಟಿದ ಹಾಜರಿ ಪುಸ್ತಕಕ್ಕೆ ಇರುವೆ ಮುತ್ತಿ, ಒಂದು ಸಲ ಸೆಪ್ಟೆಂಬರ್ ತಿಂಗಳ ಹಾಜರಿಯನ್ನು ಪೂರ್ತಿ ತಿಂದು ಹಾಕಿದವು. ದಾಖಲೆ ಹಾಳಾದರೆ ದಂಡ ಬೀಳುತ್ತದೆ ಎಂದು ನಾನು ಹೆದರಿಸಿದೆ. ಸಾವ್ಕಾರರು ಒಂದು ಉಪಾಯ ಹೇಳಿದರು. ಇರುವೆ ಹೋಗದ ಜಾಗ ಒಂದೇ, ದ್ರಾಕ್ಷಿ ಇಡುವ ತಣ್ಣನೆ ಕೋಣೆ. ಎಲ್ಲ ಪುಸ್ತಕಗಳನ್ನೂ ಅಲ್ಲಿಗೆ ಸಾಗಿಸಿದೆವು.

ಮೇ ತಿಂಗಳಲ್ಲಿ ತಪಾಸಣೆಗೆ ಒಬ್ಬ ಇನ್‌ಸ್ಪೆಕ್ಟರು ಬಂದರು. ಅರ್ಧ ತೋಳಿನ ಅಂಗಿ, ಹೊರಗೆ ರಣಬಿಸಿಲು. ಪುಸ್ತಕಗಳನ್ನು ಹೊರಗೆ ತಂದರೆ ಇರುವೆ ಮುತ್ತುತ್ತವೆ ಎಂದು ಅವರನ್ನೇ ಒಳಗೆ ಕರೆದುಕೊಂಡು ಹೋದೆ. ಮೊದಲ ನಿಮಿಷ "ಆಹಾ, ಸ್ವರ್ಗ ಐತಲ್ರಿ ಇಲ್ಲಿ" ಎಂದರು. ಎರಡನೇ ಪುಟಕ್ಕೆ ಕೈ ಬಗಲಿಗೆ ಹೋಯಿತು. ನಾಲ್ಕನೇ ಪುಟಕ್ಕೆ ಹಲ್ಲು ಕಟಕಟ ಎನ್ನತೊಡಗಿದವು. "ಮುಂದಿಂದೆಲ್ಲಾ ಬರೋಬ್ಬರಿ ಇರಬೇಕಲ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ 'ದಾಖಲೆಗಳು ಕಾನೂನುಬದ್ಧವಾಗಿವೆ' ಎಂದು ನಡುಗುವ ಕೈಯಲ್ಲಿ ಬರೆದು ಹೊರಗೆ ಓಡಿದರು.

ಹದಿಮೂರು ವರ್ಷದಲ್ಲಿ ಅಷ್ಟು ಬೇಗ ಮುಗಿದ ತಪಾಸಣೆ ಮತ್ತೊಂದಿಲ್ಲ. ಸಾವ್ಕಾರರು ಅಂದಿನಿಂದ ಯಾವ ದಾಖಲೆಯೂ ಹೊರಗೆ ಬರಕೂಡದೆಂದು ಅಪ್ಪಣೆ ಮಾಡಿದರು. ಆ ವರ್ಷವೇ ಕಾಟಾದವ್ವ ಯಾರಿಂದಲೋ ಬರೆಸಿಕೊಂಡು ಬಂದು, ತನ್ನ ಸೇವೆಯನ್ನು ಮೊದಲಿನಿಂದ ಲೆಕ್ಕ ಹಿಡಿದು ಗ್ರಾಚ್ಯುಟಿ ಕೊಡಬೇಕೆಂದು ಅರ್ಜಿ ಕೊಟ್ಟಳು. ಸಾವ್ಕಾರರು ಅದನ್ನು ಬಿಚ್ಚಿಯೂ ನೋಡದೆ "ಒಳಗ ಇಡು" ಎಂದರು. ಇಟ್ಟೆ. ನಾಲ್ಕು ಡಿಗ್ರಿಯಲ್ಲಿ ಅದು ಹೊಸದರಂತೆಯೇ ಉಳಿಯಿತು.

ಮರುವರ್ಷ ಅದೇ ಇನ್‌ಸ್ಪೆಕ್ಟರು ಬಂದರು. ಈ ಸಲ ಚೀಲದಿಂದ ಸ್ವೆಟರು, ಕಿವಿ ಮುಚ್ಚುವ ಟೊಪ್ಪಿಗೆ ತೆಗೆದರು. ಕಾಟಾದವ್ವನ ಅರ್ಜಿ ಇನ್ನೇನು ಅವರ ಕೈಗೆ ಸಿಗುತ್ತದೆ ಎಂದು ನನಗೆ ಆಸೆ ಹುಟ್ಟಿತು. ಸಾವ್ಕಾರರು ನನ್ನನ್ನು ಮರೆಗೆ ಕರೆದು ಕಿವಿಯಲ್ಲಿ ಹೇಳಿದರು:

"ಇನ್ನೂ ಮೂರ ಡಿಗ್ರಿ ಇಳಸು."

ಹಳೇ ಮಾಲು

ನಮ್ಮ ಸಾವ್ಕಾರರದೇ ಇನ್ನೊಂದು ಶೆಡ್ಡು ಬಬಲೇಶ್ವರದಲ್ಲಿತ್ತು. ಕಾಖಂಡಕಿ ಕಡೆಯಿಂದ ಜೀಪಿನಲ್ಲಿ ಬರುವ ಹೆಂಗಸರು ಅಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಯ ಕಡತಗಳನ್ನೂ ತಿಕೋಟಾಕ್ಕೆ ತರಿಸಬೇಕೆಂದು ಆದೇಶವಾಯಿತು. ಅಲ್ಲಿಯ ಮೇಸ್ತ್ರಿ ಅವನ್ನು ದ್ರಾಕ್ಷಿಯ ಡಬ್ಬಿಯೊಂದರಲ್ಲಿ ತುಂಬಿ, ಗುರುತಿಗೆಂದು ಮೇಲೆ 'ಹಳೇದು' ಎಂದು ಬರೆದು ಗಾಡಿಗೆ ಹಾಕಿದ. ಗಾಡಿ ತಿಕೋಟಾದಲ್ಲಿ ನಿಲ್ಲಲಿಲ್ಲ. ಉಳಿದ ಮಾಲಿನ ಜೊತೆ ನೇರ ಮಹಾರಾಷ್ಟ್ರಕ್ಕೆ, ದ್ರಾಕ್ಷಿ ಹರಾಜಿಗೆ ಹೋಯಿತು.

ಮೂರನೇ ದಿನ ಅಲ್ಲಿಯ ದಲಾಲಿ ಅಂಗಡಿಯವನು ಫೋನು ಮಾಡಿದ. ಡಬ್ಬಿ ಬಿಚ್ಚಿ ನೋಡುವ ವ್ಯವಧಾನವೂ ಅವನಿಗಿರಲಿಲ್ಲ. "ಸಾವ್ಕಾರ್ರ, ಹಳೇ ಮಾಲಿಗೆ ಗಿರಾಕಿ ಇಲ್ಲರಿ. ವಾಪಸ್ ಕಳಸಾಕತ್ತೇನಿ" ಎಂದ. ಹದಿನೈದು ಕಿಲೋ ತೂಗಿ ಹೋದ ಡಬ್ಬಿ ತಿರುಗಿ ಬಂದಾಗ ಕಾಟಾದವ್ವ ತೂಗಿದಳು. ಹದಿಮೂರು ಕಿಲೋ ಬಂತು. ದಾರಿಯಲ್ಲಿ ಎಲ್ಲೋ ತಳ ಒಡೆದು ಎರಡು ಕಿಲೋ ದಾಖಲೆ ಉದುರಿಹೋಗಿತ್ತು.

"ಹೋದವ್ರ ಪೈಕಿ ಯಾರ್ಯಾರ ಅದಾರ ತಮ್ಮಾ?" ಎಂದು ಅವಳು ಕೇಳಿದಳು. ನಾನು ಹುಡುಕಿ ನೋಡಿದೆ. ಹೋಗಿದ್ದು ಹೆಂಗಸರು ಕೆಲಸಕ್ಕೆ ಸೇರಿದ ಕಾಗದಗಳು, ಹೆರಿಗೆ ರಜೆಯ ಕಾಗದಗಳು, ಒಬ್ಬಳ ಕೈ ಯಂತ್ರಕ್ಕೆ ಸಿಕ್ಕಾಗ ಬರೆದ ಅಪಘಾತದ ವರದಿ. ರಾಜೀನಾಮೆ ಪತ್ರಗಳಿಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ತೋರಿಸಬೇಕೋ ತಿಳಿಯಲಿಲ್ಲ. ಎರಡು ಕಿಲೋ ಕಡಿಮೆ ಬಂದಿದೆ ಎಂದು ಸಾವ್ಕಾರರಿಗೆ ಹೇಳಿದೆ.

ಅವರು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ಹಳೇ ಮಾಲು ಐತಿ, ಒಣಗಿರತೈತಿ. ಅಷ್ಟ ಕಡಿಮಿ ಬರೋದ."

ಗಂಡನ ಹೆಸರು

ಕೊನೆಗೆ ನನಗೇ ತಡೆಯಲಾಗಲಿಲ್ಲ. ಒಂದು ಸಂಜೆ ಕಾಟಾದವ್ವ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತದ್ದನ್ನು ನೋಡಿ, ವಿಜಯಪುರದಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ ಎಲ್ಲಿದೆ, ಯಾವ ಕಾಗದ ಕೊಡಬೇಕು ಎಂದು ಹೇಳಿಕೊಟ್ಟೆ. ನಾನು ಹೇಳಿದೆನೆಂದು ಯಾರಿಗೂ ಹೇಳಬೇಡ ಎಂದೂ ಹೇಳಿದೆ. ನನ್ನ ಧೈರ್ಯ ಅಷ್ಟೇ.

ವಿಚಾರಣೆಯ ದಿನ ಬಂತು. ಅಧಿಕಾರಿ ಒಬ್ಬ ಮೇಡಮ್ಮು, ಪ್ರತಿ ಸಾಲನ್ನೂ ಬೆರಳಿಟ್ಟು ಓದುವವರು. ಒಂದು ಕಡೆ ಸಾವ್ಕಾರರು, ಅವರ ವಕೀಲರು, ಪುಸ್ತಕ ಹೊತ್ತ ನಾನು. ಇನ್ನೊಂದು ಕಡೆ ಬೆಂಚಿನ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕಾಟಾದವ್ವ. ಅವಳ ಪಕ್ಕದಲ್ಲಿ ಸಾಕ್ಷಿ ಹೇಳಲು ಬಂದ, ಅವಳ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿ. ವಕೀಲರು ಹದಿಮೂರು ರಾಜೀನಾಮೆಗಳನ್ನು ಮೇಜಿನ ಮೇಲೆ ಹರಡಿದರು.

"ನೋಡ್ರಿ ಮೇಡಮ್, ವರ್ಷಾ ವರ್ಷಾ ತಾನಾಗೇ ಕೆಲಸಾ ಬಿಟ್ಟಾಳ. ಬುಕ್ಕಿನ ಪ್ರಕಾರ ಅಕಿ ಸೇವಾ ಏಳ ತಿಂಗಳು."

ಅಷ್ಟು ಚೆಂದದ ಅಕ್ಷರದಲ್ಲಿ ಬರೆದವನು ನಾನೇ. ಮೇಡಮ್ಮು ಒಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"'ಚಂದಪ್ಪನ ಹೆಂಡತಿಯಾದ ನಾನು, ಮನೆಯ ಅಡಚಣೆಯಿಂದಾಗಿ ಸ್ವಇಚ್ಛೆಯಿಂದ...'"

ಕಾಟಾದವ್ವ ಎದ್ದು ನಿಂತಳು. ಅಷ್ಟು ಬೇಗ ಅವಳು ಎದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಯಾರ ಹೇಂತಿ?"

"ಚಂದಪ್ಪನ ಹೆಂಡತಿ ಅಂತ ಐತವ್ವಾ."

"ಅಂವ ನನ್ನ ಗಂಡ ಅಲ್ರಿ! ಇಕಿ ಗಂಡ!" ಎಂದು ಗೆಳತಿಯನ್ನು ತೋರಿಸಿದಳು. ಗೆಳತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹಂಗಾರ ನಿನ್ನ ಗಂಡನ ಹೆಸರೇನವ್ವಾ?"

ಕಾಟಾದವ್ವ ಗೆಳತಿಯ ಮೊಣಕೈ ತಿವಿದಳು. ಮೇಡಮ್ಮು ಮತ್ತೆ ಕೇಳಿದರು.

"ಗಂಡನ ಹೆಸರ ನಾ ಹೆಂಗ ಹೇಳ್ಲಿರಿ? ಇಕಿ ಹೇಳ್ತಾಳ."

"ಗುರಪ್ಪರಿ" ಎಂದಳು ಗೆಳತಿ, ಸೆರಗಿನ ಒಳಗಿನಿಂದಲೇ.

"ಚಂದಪ್ಪ ನಿನ್ನ ಗಂಡ ಹೌದೇನು?" ಎಂದು ಮೇಡಮ್ಮು ಗೆಳತಿಯನ್ನು ಕೇಳಿದರು.

"ಅದನ್ನ ಅಕಿನ್ನ ಕೇಳ್ರಿ."

ಆಗ ನನಗೆ ಹೊಳೆಯಿತು. ಹದಿಮೂರು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿದ ವಾರ, ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಮೊದಲು ಎಲ್ಲರ ಹೆಸರು ಬರೆದುಕೊಂಡಿದ್ದೆ. ಆಮೇಲೆ ತಲೆ ಎತ್ತದೆ, 'ಗಂಡನ ಹೆಸರು ಹೇಳಕೋತ ಬರ್ರಿ' ಎಂದಿದ್ದೆ. ಹಿರಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದವಳು ಹೇಳಬೇಕು. ನೀ ನಂದು ಹೇಳು, ನಾ ನಿಂದು ಹೇಳುತ್ತೇನೆ ಎಂದು ಇಬ್ಬಿಬ್ಬರು ಮಾತಾಡಿಕೊಂಡಿದ್ದರು. ಮೊದಲನೆಯವಳ ಬಾಯಿಂದ ಬಂದ ಹೆಸರನ್ನು ನಾನು ಮೊದಲನೆಯವಳ ಮುಂದೆಯೇ ಬರೆದೆ. ಅದು ಎರಡನೆಯವಳ ಗಂಡನದು. ಹೀಗೆ ಸಾಲಿನುದ್ದಕ್ಕೂ ಗಂಡಂದಿರನ್ನು ಅದಲು ಬದಲು ಮಾಡಿಬಿಟ್ಟಿದ್ದೆ. ಪ್ರತಿ ವರ್ಷ ಹಳೆಯ ಪುಸ್ತಕ ನೋಡಿ ಹೊಸದನ್ನು ಬರೆದೆ, ಅದನ್ನು ನೋಡಿ ರಾಜೀನಾಮೆ ಬರೆದೆ. ಕೂಲಿ ಕೊಡುತ್ತಿದ್ದದ್ದು ಪ್ರತಿಯೊಬ್ಬರಿಗೂ ಕೊಟ್ಟಿದ್ದ ಬಿಲ್ಲೆಯ ನಂಬರಿನ ಮೇಲೆ, ಗಂಡನ ಹೆಸರು ಯಾರಿಗೆ ಬೇಕಿತ್ತು?

ಮೇಡಮ್ಮು ಕಾಟಾದವ್ವನ ಆಧಾರ್ ಕಾರ್ಡು ತರಿಸಿ ನೋಡಿದರು. ಗುರಪ್ಪ ಎಂದೇ ಇತ್ತು. ವಕೀಲರು "ಹೆಬ್ಬೆಟ್ಟು ಅಕಿದ ಐತಲ್ರಿ" ಎಂದರು. ಕೈಯ ಅಂಟಿಗೆ ಹದಿಮೂರು ಹೆಬ್ಬೆಟ್ಟಿನಲ್ಲಿ ಒಂದರ ಗೆರೆಯೂ ಮೂಡಿರಲಿಲ್ಲ, ಬರೀ ಮಸಿಯ ಕಲೆ.

"ಕ್ಲಾರ್ಕ್ ತಪ್ಪ ಮಾಡ್ಯಾನ್ರಿ" ಎಂದರು ವಕೀಲರು.

"ಕ್ಲಾರ್ಕ್ ಬರದಾನ. ಇಲ್ಲಿ ಪ್ರತಿ ಪುಟದ ಕೆಳಗ 'ಓದಿ ನೋಡಿದೆ, ಸರಿ ಇದೆ' ಅಂತ ಸಹಿ ಮಾಡಿದವ್ರು ಯಾರು?" ಮೇಡಮ್ಮು ಸಾವ್ಕಾರರ ಕಡೆ ತಿರುಗಿದರು. "ಒಂದೋ ನೀವು ಹದಿಮೂರ ವರ್ಷ ಸುಳ್ಳ ದಾಖಲೆಗೆ ಸಹಿ ಮಾಡೀರಿ, ಅದಕ್ಕ ಬ್ಯಾರೆ ಕೇಸ್ ಆಗತೈತಿ. ಇಲ್ಲಾ, ಇವು ಬ್ಯಾರೆ ಯಾರವೋ, ಈ ಹೆಣ್ಮಗಳು ರಾಜೀನಾಮೆ ಕೊಟ್ಟೇ ಇಲ್ಲ. ಯಾವುದು ಬರಕೊಳ್ಳಲಿ?"

ಸಾವ್ಕಾರರು ವಕೀಲರ ಮುಖ ನೋಡಿದರು, ನನ್ನ ಮುಖ ನೋಡಿದರು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು: "ಅಕಿ ರಾಜೀನಾಮೆ ಕೊಟ್ಟಿಲ್ರಿ."

ಕಾಟಾದವ್ವನಿಗೆ ಹದಿಮೂರು ವರ್ಷದ ಸೇವೆ ಸಿಕ್ಕಿತು, ಎಮ್ಮೆಯೂ ಬಂತು. ಉಳಿದವರಿಗೂ ಹೀಗೇ ಆಗಲಿ ಎಂದು ನಾನು ಆಸೆಪಟ್ಟೆ. ಆದರೆ ಮರುವಾರವೇ ಸಾವ್ಕಾರರು ಪುಣೆಯವನನ್ನು ಕರೆಸಿ, ಆಧಾರ್ ಕಾರ್ಡು ಪಕ್ಕಕ್ಕಿಟ್ಟುಕೊಂಡು ಎಲ್ಲವನ್ನೂ ತಿದ್ದಿಸಿ ಹೆಂಗಸರ ಹೆಬ್ಬೆಟ್ಟು ಒತ್ತಿಸಿದರು, ಈ ಸಲ ಕೈ ತೊಳೆಸಿ. ಈಗ ಗಂಡಂದಿರೆಲ್ಲ ಅವರವರ ಹೆಂಡಿರ ಮುಂದೆಯೇ ಇದ್ದಾರೆ. ದಾಖಲೆ ಪಕ್ಕಾ ಆಗಿದೆ, ಉಳಿದ ಹೆಂಗಸರಿಗೆ ಬಾಗಿಲು ಮುಚ್ಚಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಲೆಕ್ಕ ಚುಕ್ತಾ ಮಾಡಿಕೊಳ್ಳಲು ತಿಕೋಟಾಕ್ಕೆ ಹೋದ ದಿನ ಕಾಟಾದವ್ವ ಮನೆಗೆ ಕರೆದು, ಎಮ್ಮೆಯ ಹಾಲಿನಲ್ಲಿ ಗಟ್ಟಿ ಚಹಾ ಮಾಡಿ ಕೊಟ್ಟಳು. ಕಾಲು ಚಾಚಿ ಕೂತು, "ನಿಂದೂ ಹದಿಮೂರ ವರ್ಷ ಆತಲ್ಲ ತಮ್ಮಾ. ನಿನಗೆಷ್ಟ ಬಂತು?" ಎಂದು ಕೇಳಿದಳು.

"ನನಗೇನೂ ಇಲ್ಲ ಯವ್ವಾ. ನಿಮ್ಮ ಜೋಡಿ ವರ್ಷಾ ವರ್ಷಾ ನನ್ನ ರಾಜೀನಾಮೆನೂ ನಾನ ಬರದ ಇಟ್ಟೀನಿ. ನನ್ನ ಹೆಸರು, ಅಪ್ಪನ ಹೆಸರು, ಹೇಂತಿ ಹೆಸರು, ಸಹಿ, ಎಲ್ಲಾ ಬರೋಬ್ಬರಿ ಅದಾವ. ಒಂದೂ ತಪ್ಪಿಲ್ಲ."

ಅವಳು ಹಣೆ ಹಣೆ ಬಡಿದುಕೊಂಡಳು.

"ಹುಚ್ಚಪ್ಪಾ, ಇಷ್ಟ ಓದಿ ಏನ ಮಾಡಿದಿ? ಹೇಂತಿ ಹೆಸರ ಬರಿಯೋ ಮುಂದ ನೀನೂ ಬಾಜೂ ಕೂತಂವನ ಕಡಿಂದ ಹೇಳಿಸಬೇಕಿತ್ತಿಲ್ಲೋ!"